ಗುಂಡಿ ಬದಲಾದ ಲೆಕ್ಕ

ಕ್ಯಾಸಿಯೋ ಎಫ್‌ಎಕ್ಸ್-991ಇಎಕ್ಸ್ ಕ್ಯಾಲ್ಕುಲೇಟರ್ ಇಟ್ಟುಕೊಂಡವರು ಹೊಸ 991ಸಿಡಬ್ಲ್ಯೂ ಕೊಳ್ಳಬೇಕೇ? ಬೇಡವೆನ್ನುತ್ತೇನೆ. ಭಿನ್ನರಾಶಿಯ ಉತ್ತರವನ್ನು ದಶಮಾಂಶ ಮಾಡಲು ಹಳೆಯದರಲ್ಲಿ ಒಂದೇ ಗುಂಡಿ ಸಾಕಿತ್ತು. ಹೊಸದರಲ್ಲಿ ಫಾರ್ಮ್ಯಾಟ್ ಒತ್ತಿ, ಪಟ್ಟಿ ಬಿಚ್ಚಿ, ತಾಲೂಕು ಕಚೇರಿಯಲ್ಲಿದ್ದಂತೆ ಅರ್ಜಿ ಸಲ್ಲಿಸಬೇಕು. ಸಮಚಿಹ್ನೆಯ ಗುಂಡಿಯನ್ನೂ ಕಿತ್ತು ಇಎಕ್ಸ್‌ಇ ಎಂದು ಬರೆದಿದ್ದಾರೆ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಎರಡು ಗೀಟಿಗೆ ಕಡ್ಡಾಯ ನಿವೃತ್ತಿ! ಶಿಫ್ಟ್ ಒತ್ತಿ ಇಎಕ್ಸ್‌ಇ ಒತ್ತಿದರೆ ದಶಮಾಂಶವೇ ಬರುತ್ತದಲ್ಲ ಎಂದು ಹೊಸದರ ವಕೀಲರು ವಾದಿಸುತ್ತಾರೆ. ನಿಜ, ಒಂದಿದ್ದದ್ದು ಎರಡಾಯಿತು, ಅಷ್ಟೇ.

ಪರದೆ ಸ್ಪಷ್ಟವಾಗಿದೆ, ಒಪ್ಪಿದೆ. ಹೊಸದಾಗಿ ಕಲಿಯುವವರು ಧಾರಾಳವಾಗಿ ಕೊಳ್ಳಲಿ. ಬೆರಳಿಗೇ ದಾರಿ ಗೊತ್ತಿರುವವರಿಗೇಕೆ ಈ ಶಿಕ್ಷೆ? ಅದು ಬರೀ ಅಭ್ಯಾಸಬಲ ಎನ್ನುತ್ತೀರಾ? ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಕೈಹಿಡಿಯುವ ಬಲ ಬೇರೆ ಯಾವುದಿದೆ, ಹೇಳಿ. ಉತ್ತರವಂತೂ ಬದಲಾಗಿಲ್ಲ: ಸೈನ್ 30 ಎರಡರಲ್ಲೂ ಅರ್ಧವೇ, ಅದೂ ಡಿಗ್ರಿಯಲ್ಲಿಟ್ಟಿದ್ದರೆ.