ಊರಿಗೊಂದು ಪಾರ್ಕು ಮಾಡುವ ಕ್ರಮ: ಹಟ್ಟಿ ಮಾದರಿ

ಬೇಕಾಗುವ ಸಾಮಾನು: ಲೇಔಟಿನ ನಕ್ಷೆ, ಹಸಿರು ಸ್ಕೆಚ್ ಪೆನ್ನು, ಕರಿಕಲ್ಲಿನ ಫಲಕ, ದೊಡ್ಡದೊಂದು ಬೀಗ. ಸಸಿಗಳಿದ್ದರೆ ಒಳ್ಳೆಯದು, ಇರದಿದ್ದರೂ ನಡೆಯುತ್ತದೆ.

ಮೊದಲು ಜಾಗ. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಇರಬೇಕೆನ್ನುತ್ತದೆ. ಗಾಬರಿ ಬೇಡ. 1947ರ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯ ಕಾಲದಿಂದ ಟನ್ನುಗಟ್ಟಲೆ ಕಲ್ಲು ಅರೆದು ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯುತ್ತ ಬಂದ ಊರು ಹಟ್ಟಿ. ಅದೇ ತಾಳ್ಮೆಯಿಂದ ನಕ್ಷೆಯನ್ನು ಸೋಸಿ. ಮೊದಲು ಕಾರ್ನರ್ ಪ್ಲಾಟುಗಳನ್ನು ತೆಗೆದಿಡಿ. ಆಮೇಲೆ ಮೇನ್ ರೋಡಿನವು, ಆಮೇಲೆ ಬೇಕಾದವರಿಗೆ ಬೇಕಾದವು. ಕೊನೆಗೆ ಹಳ್ಳದ ದಂಡೆಗೆ, ಕರೆಂಟಿನ ದೊಡ್ಡ ತಂತಿಯ ಕೆಳಗೆ, ಜಾಲಿ ಬೆಳೆದ ಮೂರು ಮೂಲೆಯ ತುಂಡೊಂದು ಉಳಿಯುತ್ತದೆ. ಅದೇ ಚಿನ್ನ. ಹಸಿರು ಹಚ್ಚಿ.

ಫಲಕವನ್ನು ಗಿಡಕ್ಕಿಂತ ಮುಂಚೆ ನೆಡಬೇಕು. ಕಲ್ಲಿನ ಮೇಲಿನ ಹೆಸರಿಗೆ ಎಷ್ಟು ಬೆಲೆ ಎಂದು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಶಾಸನಗಳ ‘ದೇವಾನಾಂಪ್ರಿಯ’ ಯಾರು ಎಂದು ವಿದ್ವಾಂಸರು ತರ್ಕಿಸುತ್ತಿದ್ದಾಗ, ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಮಸ್ಕಿಯಲ್ಲಿ ಬಂಡೆಯ ಬರಹ ಸಿಕ್ಕಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಚಕ್ರವರ್ತಿಗೆ ಒಂದು ಹೆಸರು ಸಾಕಾಯಿತು. ನಿಮ್ಮದರಲ್ಲಿ ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗುತ್ತಿಗೆದಾರರು ಎಲ್ಲ ಹಿಡಿಸಬೇಕಲ್ಲ, ಅಕ್ಷರ ಸಣ್ಣ ಮಾಡಿ.

ಓಪನ್ ಜಿಮ್ ಇರಲಿ. ಸುತ್ತಲಿನ ಮನೆಯವರಿಗೆ ಬಟ್ಟೆ ಒಣಹಾಕಲು ಅನುಕೂಲ.

ಜಾರುಬಂಡಿ ತಗಡಿನದೇ ಇರಲಿ, ನೆರಳಿಲ್ಲದ ಕಡೆಯೇ ಇರಲಿ. ಬಿಸಿಲು 40 ಡಿಗ್ರಿ ದಾಟಿದ ದಿನ, ಸಂಜೆ ಐದಕ್ಕೆ ಮೆಟ್ಟಿಲೇರಿದ ಹುಡುಗಿ ಮೇಲೆ ನಿಂತು ತಗಡಿಗೆ ಒಂದು ಬೆರಳು ತಾಗಿಸಿ, ಬೆರಳು ಬಾಯಿಗಿಟ್ಟುಕೊಂಡು, ಕೆಳಗಿದ್ದ ತಮ್ಮನಿಗೆ ಕೂಗುತ್ತಾಳೆ: “ಲೇ, ಗೊಬ್ಬರದ ಚೀಲ ತೊಗೊಂಬಾ!” ಚೀಲ ಹಾಸಿಕೊಂಡರೆ ಸುಡುವುದಿಲ್ಲ, ಜಾರುವ ವೇಗವೂ ಹೆಚ್ಚು. ವರದಿಯಲ್ಲಿ ಇದನ್ನು ಹೆಚ್ಚುವರಿ ಸೌಲಭ್ಯವೆಂದು ಕಾಣಿಸಬಹುದು. ಬೇವಿನ ಸಸಿ ಹಚ್ಚಿ ಎಂದು ಯಾರಾದರೂ ಕೇಳಿದರೆ, “ಅದು ಬೆಳೀಲಿಕ್ಕೆ ಹತ್ತು ವರ್ಷ ಬೇಕ್ರಿ” ಎನ್ನಿ. ಹತ್ತು ವರ್ಷದ ಹಿಂದೆಯೂ ಈ ಉತ್ತರ ಚೆನ್ನಾಗಿಯೇ ಕೆಲಸ ಮಾಡಿದೆ.

ಇನ್ನು ಸಮಯ. ಗಣಿ ಹಗಲುರಾತ್ರಿ ಶಿಫ್ಟಿನಲ್ಲಿ ನಡೆಯುತ್ತದೆ. ಆದ್ದರಿಂದ ಪಾರ್ಕನ್ನು ಬೆಳಿಗ್ಗೆ 6ರಿಂದ 8, ಸಂಜೆ 5ರಿಂದ 7ರವರೆಗೆ ಮಾತ್ರ ತೆರೆಯಿರಿ. ಸಾವಿರಾರು ಅಡಿ ಕೆಳಗೆ ರಾತ್ರಿ ಕಳೆದು ಬಂದವನು ಮಕ್ಕಳ ಗದ್ದಲದ ಮನೆಯಲ್ಲಿ ನಿದ್ದೆ ಹತ್ತದೆ ಹತ್ತು ಗಂಟೆಗೆ ಇತ್ತ ಬಂದರೆ, ಗೇಟಿಗೆ ಬೀಗ ಇರಬೇಕು. ರಸ್ತೆಯ ಅಂಚಿಗೆ ತಾನಾಗಿ ಹುಟ್ಟಿ ಬೆಳೆದ ಬೇವಿನ ಬುಡಕ್ಕೆ ಟವೆಲ್ ಹಾಸಿ ಅವನು ಹೇಗೋ ಮಲಗಿಕೊಳ್ಳುತ್ತಾನೆ. ಗಣಿಯೊಳಗೆ ಯಾವ ದಾರಿಯಿಂದ ಎಷ್ಟು ಗಾಳಿ ಬರಬೇಕೆಂದು ನೋಡಲು ವೆಂಟಿಲೇಶನ್ ಆಫೀಸರ್ ಎಂಬ ಹುದ್ದೆಯೇ ಇರುತ್ತದೆ. ಮೇಲೆ ಬಂದ ಮೇಲೆ ಅವನ ಗಾಳಿ ಅವನ ಪಾಡು. ಅಂಥ ಹುದ್ದೆಯೊಂದನ್ನು ಪಟ್ಟಣ ಪಂಚಾಯಿತಿಗೂ ಕೇಳುವ ಪ್ರಸಂಗ ತಂದುಕೊಳ್ಳಬೇಡಿ. ಆಫೀಸರ್ ಬಂದರೆ ಮೊದಲು ಬೀಗದ ಕೈ ಕೇಳುತ್ತಾನೆ.

ಎಚ್ಚರಿಕೆ: ಮೂರು ಮೂಲೆಯ ಆ ತುಂಡಿನಲ್ಲಿ ಮುಂದೆ ಕಾಂಪ್ಲೆಕ್ಸ್ ಕಟ್ಟುವ ಆಸೆ ಹುಟ್ಟುವುದು ಸಹಜ. ಆದರೆ ಪಾರ್ಕು, ಆಟದ ಬಯಲುಗಳನ್ನು ಕಾಯಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅವರೇ ಗೆದ್ದರು. ಆ ತೀರ್ಪು ಹಟ್ಟಿ ಇರುವ ಲಿಂಗಸುಗೂರು ತಾಲ್ಲೂಕಿಗೂ ನಡೆಯುತ್ತದೆ ಎಂಬ ಸುದ್ದಿ, ಜಾಲಿ ಕಡಿದು ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಆಡುವ ಹುಡುಗರ ಕಿವಿಗೆ ಬೀಳದಂತೆ ನೋಡಿಕೊಳ್ಳಿ.