ಗಂಗಾಜಲದ ಚಿತ್ರ

ಕೋಲ್ಕತ್ತಕ್ಕೆ ಹೋಗಿಯೂ ವಿಕ್ಟೋರಿಯಾ ಮೆಮೋರಿಯಲ್ ಚಿತ್ರ ಬರೆಯಲಿಲ್ಲ ಎಂದರೆ, ತಿರುಪತಿಗೆ ಹೋಗಿ ಬರೀ ಲಾಡು ತಂದವನನ್ನು ನೋಡುವ ಹಾಗೆ ಜನ ನನ್ನನ್ನು ನೋಡುತ್ತಾರೆ. 1906ರಲ್ಲಿ ಅಡಿಗಲ್ಲು ಹಾಕಿ, ಮಕ್ರಾನದಿಂದ ಅಮೃತಶಿಲೆ ತರಿಸಿ, 1921ರಲ್ಲಿ ಬಾಗಿಲು ತೆರೆದ ಕಟ್ಟಡ ಅದು. ಪ್ರವಾಸದ ಬಸ್ಸಿನವರು ಕೊಡುವ ಅರ್ಧ ಗಂಟೆಯಲ್ಲಿ ನಾನು ಅದನ್ನು ಮುಗಿಸಬೇಕಂತೆ! ಮೇಲಾಗಿ ಬಿಳಿ ಕಾಗದದ ಮೇಲೆ ಬಿಳಿ ಕಟ್ಟಡ. ಬಣ್ಣದ ಡಬ್ಬಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ನನಗೆ ಬೇಕಾದದ್ದು ಉತ್ತರ ಕೋಲ್ಕತ್ತದ ಗಲ್ಲಿಗಳು. ಶೋಭಾಬಜಾರಿನ ಆಸುಪಾಸಿನಲ್ಲಿ ಎಲ್ಲಿ ಬೇಕಾದರೂ ಸ್ಟೂಲು ಬಿಚ್ಚಿ ಕೂರಬಹುದು. ಎದುರಿಗೆ ಹಸಿರು ಪಟ್ಟಿಗಳ ಹಳೇ ಮರದ ಕಿಟಕಿ. ಒಂದೆರಡು ಪಟ್ಟಿ ಮುರಿದಿರುವುದರಿಂದ ಒಳಗಿನ ಅಜ್ಜಿಗೆ ಬೀದಿ ಸಲೀಸಾಗಿ ಕಾಣುತ್ತದೆ. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ. ಅರಳಿಯಾದ್ದರಿಂದ ಕೀಳಲು ಯಾರಿಗೂ ಕೈ ಬಾರದು, ಮನೆ ಬಿದ್ದರೂ ಸರಿಯೆ. ಬಾಗಿಲ ಪಕ್ಕದಲ್ಲಿ ಅವರು ರೋಯಾಕ್ ಎನ್ನುವ ಜಗಲಿ. ಅದರ ಮೇಲೆ ನಿವೃತ್ತರ ಸಭೆ: ಫುಟ್‌ಬಾಲು, ರಾಜಕೀಯ, ಹಿಲ್ಸಾ ಮೀನಿನ ಬೆಲೆ.

ಅರಮನೆಯ ಚಿತ್ರ ಬರೆದರೆ ಅರಮನೆ ಏನೂ ಕೇಳುವುದಿಲ್ಲ. ಜಗಲಿ ಕೇಳುತ್ತದೆ. ನಾನು ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈಯನ್ನು ಉದ್ದಕ್ಕೆ ಚಾಚಿ ಕಿಟಕಿಯ ಅಳತೆ ತೆಗೆದುಕೊಳ್ಳುತ್ತಿದ್ದಂತೆ ಸಭೆ ಸ್ತಬ್ಧವಾಯಿತು. ‘ಕಾರ್ಪೊರೇಷನ್ನಿನವರಾ ದಾದಾ?’ ಎಂದು ಒಬ್ಬರು ಹಿಂದಿಯಲ್ಲಿ ಕೇಳಿದರು. ಉತ್ತರಕ್ಕೂ ಕಾಯದೆ, ಆ ಜಗಲಿ ತಮ್ಮ ಅಜ್ಜನ ಕಾಲದ್ದೆಂದೂ ರಸ್ತೆಗೆ ಒಂದಿಂಚೂ ಚಾಚಿಲ್ಲವೆಂದೂ ವಾದ ಹೂಡಿದರು. ಇನ್ನೊಬ್ಬರು ಕಾಗದಪತ್ರ ತರಲು ಒಳಗೆ ಓಡಿದರು. ನಾನು ಪುಸ್ತಕವನ್ನೇ ತಿರುಗಿಸಿ ತೋರಿಸಿದೆ. ವಾದ ಹೂಡಿದ ದಾದಾ ಕನ್ನಡಕ ಏರಿಸಿ ನೋಡಿ ನಿಟ್ಟುಸಿರು ಬಿಟ್ಟರು. ಗೆರೆ ಇಷ್ಟು ಸೊಟ್ಟ ಎಳೆಯುವವನು ಸರ್ವೇಯರ್ ಆಗಿರಲಾರ ಎಂಬ ತೀರ್ಮಾನವಾಯಿತು. (ಸರ್ವೇಯರುಗಳ ಮೇಲೆ ಅವರಿಗೆ ಎಂಥ ನಂಬಿಕೆ!)

ಆಮೇಲೆ ಚಿತ್ರ ನನ್ನದಾಗಿ ಉಳಿಯಲಿಲ್ಲ. ಅರಳಿಗೆ ಇನ್ನೊಂದು ಕೊಂಬೆ ಬೇಕೆಂದರು ಒಬ್ಬರು. ಕಿಟಕಿಯ ಅಜ್ಜಿ ತನ್ನನ್ನು ಬಿಟ್ಟಿರುವುದನ್ನು ಮೇಲಿನಿಂದಲೇ ಪತ್ತೆ ಹಚ್ಚಿ ಕೂಗಿದಳು. ದಾದಾ ಧೋತ್ರ ಸರಿಮಾಡಿಕೊಂಡು ಗಂಭೀರವಾಗಿ ಕೂತರು. ಮೂಗು ಬರೆಯುವಷ್ಟರಲ್ಲಿ ಎದ್ದು ಚಹಾ ಹೇಳಲು ಹೋದರು. ಮಣ್ಣಿನ ಕುಡಿಕೆಯಲ್ಲಿ ಚಹಾ ಬಂತು. ಕೊನೆಗೆ ಎಲ್ಲರೂ ಒಕ್ಕೊರಲಿನಿಂದ ಉಪದೇಶಿಸಿದರು: ಈ ಹಾಳು ಗೋಡೆಯಲ್ಲಿ ಏನಿದೆ, ವಿಕ್ಟೋರಿಯಾಕ್ಕೆ ಹೋಗಿ!

ಬಣ್ಣಕ್ಕೆ ನೀರು ಬೇಕಾಯಿತು. ರಸ್ತೆ ತೊಳೆಯಲೆಂದು ಹೂಗ್ಲಿ ನದಿಯ ಸೋಸದ ನೀರನ್ನು ಬೇರೆಯೇ ಕೊಳವೆಯಲ್ಲಿ ಹರಿಸುವ ಏರ್ಪಾಡು ಆ ಊರಲ್ಲಿ ಬ್ರಿಟಿಷರ ಕಾಲದಿಂದ ಇದೆ. ರಸ್ತೆ ತೊಳೆಯುವುದಕ್ಕಿಂತ ಜನ ಆ ಕೊಳವೆಯ ಬಾಯಲ್ಲಿ ಮೈ ತೊಳೆಯುವುದೇ ಹೆಚ್ಚು. ಸೋಪು ಹಚ್ಚಿ ಕೂತಿದ್ದವರೊಬ್ಬರ ಪಕ್ಕದಲ್ಲಿ ನಾನೂ ಡಬ್ಬಿ ಹಿಡಿದೆ. ನೀರಿನ ಕೆಸರುಬಣ್ಣ ಆಕಾಶಕ್ಕೂ ಹತ್ತಿತು, ಗೋಡೆಗೂ ಹತ್ತಿತು. ಗೋಡೆ ಮಾತ್ರ ಇದ್ದದ್ದು ಇದ್ದ ಹಾಗೇ ಮೂಡಿತು.

ಈಗ ಆ ಚಿತ್ರ ನಮ್ಮ ದೇವರ ಮನೆಯಲ್ಲಿದೆ. ಕಲೆಯ ಕಾರಣಕ್ಕಲ್ಲ, ಹೂಗ್ಲಿ ಎಂದರೂ ಗಂಗೆಯೇ, ಅದನ್ನು ಕಂಡಕಂಡಲ್ಲಿ ಇಡಬಾರದೆಂದು ಹೆಂಡತಿಯ ಅಪ್ಪಣೆ.

ನೀವೂ ಆ ಕಡೆ ಹೋದರೆ ಮೊದಲು ಜಗಲಿಯ ಮೇಲೆ ಕೂತು ಚಹಾ ಕುಡಿಯಿರಿ. ಪೆನ್ಸಿಲ್ ಆಮೇಲೆ ಚಾಚಿ.