ಹಲ್ಲಿಸಾಕ್ಷ್ಯ ಮೀಮಾಂಸೆ

ಸತ್ಯವನ್ನು ತಿಳಿಯುವ ದಾರಿಗಳು ಎಷ್ಟು ಎಂಬ ಪ್ರಶ್ನೆ ನಮ್ಮ ದಾರ್ಶನಿಕರ ತಲೆ ತಿಂದಷ್ಟು ಬೇರೆ ಯಾವ ಪ್ರಶ್ನೆಯೂ ತಿಂದಿಲ್ಲ. ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಭಾಟ್ಟ ಮೀಮಾಂಸಕರು ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಸೇರಿಸಿ ಆರಕ್ಕೇರಿಸಿದರು. ಚಾರ್ವಾಕರು ಪ್ರತ್ಯಕ್ಷ ಒಂದೇ ಸಾಕು ಎಂದು ಸಭೆಯಿಂದ ಎದ್ದು ನಡೆದರು. ಇಷ್ಟೆಲ್ಲ ವಾದ ನಡೆಯುತ್ತಿದ್ದಾಗ ಅದೇ ಸಭೆಯ ತೊಲೆಗೆ ಅಂಟಿಕೊಂಡು ಏಳನೆಯ ಪ್ರಮಾಣವೊಂದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಯಾರೂ ಕತ್ತೆತ್ತಿ ನೋಡಲಿಲ್ಲ. ಆ ಲೋಪವನ್ನು ತುಂಬಲು ಈ ಪ್ರಬಂಧ.

ಲಕ್ಷಣ ಹೀಗಿದೆ: ಒಬ್ಬರು ಮಾತಾಡುತ್ತಿರುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಕೇಳಿದವರು ಮೇಜನ್ನೋ ನೆಲವನ್ನೋ ಬೆರಳಿನಿಂದ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನತಕ್ಕದ್ದು. ಅಲ್ಲಿಗೆ ವಿಚಾರಣೆ ಮುಕ್ತಾಯ, ಮೇಲ್ಮನವಿಗೆ ಅವಕಾಶವಿಲ್ಲ. ಅಡ್ಡ ಬಂದ ಬೆಕ್ಕು, ಒಂಟಿ ಸೀನು, ಎದುರಾದ ಖಾಲಿ ಕೊಡ ಇವೆಲ್ಲ ಹೊರಟ ಕೆಲಸ ಕೆಡುತ್ತದೆ ಎಂದಷ್ಟೇ ಹೇಳಬಲ್ಲವು. ಆಡಿದ ಮಾತಿಗೆ ಸಹಿ ಹಾಕುವ ಅಧಿಕಾರವಿರುವುದು ಹಲ್ಲಿಗೆ ಮಾತ್ರ. ಅದೃಷ್ಟ, ನಂಬಿಕೆ, ಪ್ರಾಮಾಣಿಕತೆ ಈ ಮೂರೂ ಖಾತೆಗಳನ್ನು ಒಬ್ಬರೇ ಇಟ್ಟುಕೊಂಡಿರುವ ಉದಾಹರಣೆ ಸಚಿವ ಸಂಪುಟದಲ್ಲೂ ಅಪರೂಪ.

ಒಂದು ನಿದರ್ಶನ ನೋಡೋಣ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಚೀಟಿ ನಡೆಸುವ ಗೃಹಿಣಿಯೊಬ್ಬರ ನಡುಮನೆ. ಚೀಟಿ ಎತ್ತಿಕೊಂಡು ಕಂತು ನಿಲ್ಲಿಸಿದ ಸದಸ್ಯೆ ಸೋಫಾದ ತುದಿಯಲ್ಲಿ ಕೂತಿದ್ದಾರೆ.

‘ಅಕ್ಕಾ, ಐದನೇ ತಾರೀಕು ನಮ್ಮೆಜಮಾನ್ರಿಗೆ ಸಂಬಳ ಆಗುತ್ತೆ. ಆಗಿದ್ದೇ ತಡ, ಎಲ್ಲಾ ಬಾಕಿ ತಂದು ನಿಮ್ಮ ಕೈಗೇ ಕೊಡ್ತೀನಿ.’

ಲೊಚ್ ಲೊಚ್.

‘ನೋಡಿ ಅಕ್ಕಾ, ಹಲ್ಲೀನೂ ಹೇಳ್ತು!’

ಅಕ್ಕನ ತೊಡೆಯ ಮೇಲೆ ಚೀಟಿ ಲೆಕ್ಕದ ಪುಸ್ತಕವಿದೆ. ಹಿಂದಿನ ಐದನೇ ತಾರೀಕುಗಳೆಲ್ಲ ಅದರಲ್ಲಿ ಖಾಲಿ ಮನೆಗಳಾಗಿ ಕೂತಿವೆ. ಆದರೆ ಪುಸ್ತಕ ಬರೀ ದಾಖಲೆ, ಹಲ್ಲಿ ಜೀವವಿರುವ ಸಾಕ್ಷಿ. ಅಕ್ಕ ಸೋಫಾದ ಕೈಹಿಡಿ ತಟ್ಟಿ, ‘ಕೃಷ್ಣ ಕೃಷ್ಣ’ ಎಂದು, ಕಾಫಿಗೆ ನೀರಿಡಲು ಎದ್ದರು. ಇಲ್ಲಿ ಸೂಕ್ಷ್ಮವೊಂದಿದೆ. ಸದಸ್ಯೆ ಆಡಿದ್ದು ಇನ್ನೂ ನಡೆಯದಿರುವ ಸಂಗತಿ. ನ್ಯಾಯಾಲಯದ ಸಾಕ್ಷಿ ಆಗಿಹೋದದ್ದಕ್ಕೆ ಮಾತ್ರ ಸಾಕ್ಷಿ ನುಡಿಯಬಲ್ಲ. ಹಲ್ಲಿ ಆಗಬೇಕಾದದ್ದಕ್ಕೂ ಜಾಮೀನು ನಿಲ್ಲುತ್ತದೆ.

ಈಗ ಪೂರ್ವಪಕ್ಷ. ನಡುಮನೆಯಲ್ಲಿ ಒಂದೇ ಸಮಯಕ್ಕೆ ಅತ್ತೆ ಸೊಸೆಯ ಬಗ್ಗೆ, ಸೊಸೆ ಅತ್ತೆಯ ಬಗ್ಗೆ, ಟಿವಿಯಲ್ಲಿ ಜ್ಯೋತಿಷಿಯೊಬ್ಬರು ಮಿಥುನ ರಾಶಿಯ ಬಗ್ಗೆ ಮಾತಾಡುತ್ತಿರುವಾಗ ಲೊಚ್ ಎಂದರೆ ಆ ಸಾಕ್ಷ್ಯ ಯಾರ ಪಾಲಿಗೆ? ಶಾಸ್ತ್ರ ಮೌನವಾಗಿದೆ, ಆಚಾರ ಸ್ಪಷ್ಟವಾಗಿದೆ: ಮೊದಲು ಮೇಜು ತಟ್ಟಿದವರ ಪಾಲಿಗೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ವಯಸ್ಸಲ್ಲ, ವಿದ್ಯೆಯಲ್ಲ, ಬೆರಳಿನ ಚುರುಕು.

ಎರಡನೆಯ ಆಕ್ಷೇಪ ಇನ್ನೂ ಗಡುಸು. ವಸ್ತು ಕಾಣದಿದ್ದಾಗ ಅದು ಇಲ್ಲವೆಂದು ತಿಳಿಯುವುದೇ ಅನುಪಲಬ್ಧಿ. ಹಾಗಿದ್ದರೆ ಹಲ್ಲಿ ನುಡಿಯದ ಮಾತೆಲ್ಲ ಸುಳ್ಳಾಗಬೇಕಲ್ಲ? ‘ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿದೀನಿ ಸಾರ್, ಹತ್ತೇ ನಿಮಿಷ’ ಎಂದು ಮಂಚದ ಮೇಲಿಂದ ಹೇಳಿದಾಗ ಹಲ್ಲಿ ಸುಮ್ಮನಿತ್ತು. ಆದರೂ ‘ಹಲ್ಲಿ ಸುಮ್ಮನಿದೆ, ಈತ ಸುಳ್ಳ’ ಎಂದು ಯಾರೂ ಎದ್ದು ನಿಲ್ಲುವುದಿಲ್ಲ. ಹಲ್ಲಿ ಹೌದು ಎಂದದ್ದು ಲೆಕ್ಕಕ್ಕೆ ಬರುತ್ತದೆ, ಸುಮ್ಮನಿದ್ದದ್ದು ಲೆಕ್ಕಕ್ಕಿಲ್ಲ. ಹೀಗೆ ಒಂದೇ ಕಡೆಗೆ ತೂಗುವ ತಕ್ಕಡಿಯನ್ನು ಯಾವ ಅಂಗಡಿಯವನೂ ಇಷ್ಟು ಕಾಲ ಸಿಕ್ಕಿಬೀಳದೆ ಬಳಸಿಲ್ಲ.

ನಾಸ್ತಿಕರು ಇಲ್ಲಿ ಕಾಕತಾಳೀಯ ನ್ಯಾಯವನ್ನು ಎತ್ತುತ್ತಾರೆ. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು, ಒಂದಕ್ಕೊಂದು ಸಂಬಂಧವಿಲ್ಲ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಇದನ್ನು ಪಾರಿವಾಳಗಳ ಮೇಲೆ ನೋಡಿ 1948ರಲ್ಲಿ ಪ್ರಕಟಿಸಿದ. ಹಸಿದ ಪಾರಿವಾಳವನ್ನು ಪೆಟ್ಟಿಗೆಯಲ್ಲಿಟ್ಟು, ಅದು ಏನೇ ಮಾಡಲಿ ಬಿಡಲಿ, ಗೊತ್ತಾದ ಅಂತರದಲ್ಲಿ ಕಾಳು ಒದಗಿಸಿದ. ಕಾಳು ಬಂದ ಗಳಿಗೆಯಲ್ಲಿ ಸುತ್ತು ಹಾಕುತ್ತಿದ್ದ ಹಕ್ಕಿ ಸುತ್ತುತ್ತಲೇ ಉಳಿಯಿತು, ತಲೆ ಅಲ್ಲಾಡಿಸುತ್ತಿದ್ದದ್ದು ಅಲ್ಲಾಡಿಸುತ್ತಲೇ ಉಳಿಯಿತು. ನಮ್ಮಲ್ಲೂ ಕ್ರಿಕೆಟ್ ನೋಡುತ್ತ ಸೆಂಚುರಿಯ ಹೊತ್ತಿಗೆ ಎಡಗಾಲನ್ನು ಟೀಪಾಯಿಯ ಮೇಲಿಟ್ಟಿದ್ದವರು ಮ್ಯಾಚು ಮುಗಿಯುವವರೆಗೂ ತೆಗೆಯುವುದಿಲ್ಲ, ಮನೆಯವರನ್ನೂ ಏಳಗೊಡುವುದಿಲ್ಲ. ಪಾರಿವಾಳಕ್ಕಿಂತ ನಾವು ಒಂದು ಹೆಜ್ಜೆ ಮುಂದೆ: ಅದು ತಾನೊಂದೇ ತಿರುಗಿತು, ಪಕ್ಕದವರನ್ನು ತಿರುಗಿಸಲಿಲ್ಲ.

ಬಂಗಾಳದ ಸಂಪ್ರದಾಯ ಹಲ್ಲಿಯ ಅಧಿಕಾರಕ್ಕೆ ಪುರಾಣವನ್ನೇ ಒದಗಿಸಿದೆ. ವರಾಹಮಿಹಿರನ ಸೊಸೆಯೆಂದು ಕಥೆ ಹೇಳುವ ಖನಾ ಎಂಬ ವಿದುಷಿಯ ಭವಿಷ್ಯವಾಣಿ ಗಂಡಸರು ಸಹಿಸಲಾಗದಷ್ಟು ನಿಜವಾಗುತ್ತಿತ್ತಂತೆ. ಅವಳ ನಾಲಿಗೆ ಕತ್ತರಿಸಿದರು. ಬಿದ್ದ ತುಂಡನ್ನು ತಿಂದ ಹಲ್ಲಿ ಅಂದಿನಿಂದ ನಿಜ ಕಂಡಲ್ಲೆಲ್ಲ ನುಡಿಯುತ್ತದಂತೆ. ಹೆಂಗಸಿನ ಮಾತನ್ನು ಸುಮ್ಮನಾಗಿಸಿ ಅದೇ ಮಾತನ್ನು ಹಲ್ಲಿಯ ಬಾಯಲ್ಲಿ ಕೇಳಿ ಕೈಮುಗಿಯುವ ಈ ವಿದ್ಯಮಾನಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕು. ಇಲ್ಲಿ ಬಿಟ್ಟಿದ್ದೇನೆ.

ಕಾನೂನಿನ ದೃಷ್ಟಿಗೆ ಬರೋಣ. 1872ರ ಸಾಕ್ಷ್ಯ ಅಧಿನಿಯಮವು ಮಾತಾಡಲಾರದ ಸಾಕ್ಷಿ ಸಂಜ್ಞೆಯ ಮೂಲಕ ನುಡಿಯಬಹುದು ಎಂದು ಒಪ್ಪಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯದರಲ್ಲಾಗಲಿ ಹೊಸದರಲ್ಲಾಗಲಿ ಹಲ್ಲಿಗೆ ಕಲಮು ಇಲ್ಲದಿರುವುದು ಖೇದಕರ, ಏಕೆಂದರೆ ಅರ್ಹತೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಮನೆಹಲ್ಲಿಗೆ ಮುಚ್ಚಿ ತೆರೆಯುವ ರೆಪ್ಪೆಗಳೇ ಇಲ್ಲ. ಕಣ್ಣಿನ ಮೇಲೊಂದು ಪಾರದರ್ಶಕ ಹೊದಿಕೆಯಿದೆ, ಧೂಳು ಕೂತರೆ ನಾಲಿಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತದೆ. ‘ನಾನು ಕಣ್ಣು ಮುಚ್ಚಿಕೊಂಡಿದ್ದೆ ಸ್ವಾಮಿ’ ಎನ್ನುವ ಅವಕಾಶವೇ ಇಲ್ಲದ ಸಾಕ್ಷಿ! ನಮ್ಮ ಸುಪ್ರೀಂ ಕೋರ್ಟಿನಲ್ಲಿ ನ್ಯಾಯದೇವತೆಯ ಕಣ್ಣುಪಟ್ಟಿ ಬಿಚ್ಚಿದ ಹೊಸ ಪ್ರತಿಮೆ ಸುದ್ದಿಯಾದದ್ದು 2024ರ ಅಕ್ಟೋಬರಿನಲ್ಲಿ. ಹಲ್ಲಿ ಆ ಸುಧಾರಣೆಯನ್ನು ಹುಟ್ಟಿನಿಂದಲೇ ಜಾರಿಗೆ ತಂದಿದೆ.

ಒಂದು ತೊಡಕು ಮಾತ್ರ ಇದೆ. ಪಾಟೀಸವಾಲಿಗೆ ನಿಲ್ಲಿಸಿ ಹಿಡಿಯಹೋದರೆ ಹಲ್ಲಿ ಬಾಲ ಕಳಚಿ ಕಟಕಟೆಯಲ್ಲೇ ಬಿಟ್ಟು ಪರಾರಿಯಾಗುತ್ತದೆ. ಬಾಲ ಕುಣಿಯುತ್ತಿರುತ್ತದೆ, ವಕೀಲರು ಅದನ್ನೇ ಪ್ರಶ್ನಿಸುತ್ತಿರುತ್ತಾರೆ. ಪ್ರತಿಕೂಲವಾಗುವ ಮನುಷ್ಯ ಸಾಕ್ಷಿಗಳು ಇಷ್ಟನ್ನೂ ಬಿಟ್ಟುಹೋಗುವುದಿಲ್ಲ ಎಂಬುದು ಸಮಾಧಾನ.

ಸುಳ್ಳು ಪತ್ತೆ ಯಂತ್ರದ ಜೊತೆ ಹೋಲಿಸಿದರೂ ಹಲ್ಲಿಯದೇ ಮೇಲುಗೈ. ಪಾಲಿಗ್ರಾಫು ಉಸಿರು, ನಾಡಿ, ರಕ್ತದೊತ್ತಡ, ಚರ್ಮದ ಬೆವರನ್ನು ಅಳೆಯುತ್ತದೆ. ಸುಳ್ಳು ಹೇಳುವವನಿಗಿಂತ ಹೆಂಡತಿಯ ಮುಂದೆ ನಿಜ ಹೇಳುವವನು ಹೆಚ್ಚು ಬೆವರುತ್ತಾನೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಮೇಲಾಗಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಪಾಲಿಗ್ರಾಫು, ಮಂಪರು ಪರೀಕ್ಷೆ, ಮಿದುಳಿನ ಪರೀಕ್ಷೆ ಯಾವುದನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಹಲ್ಲಿಸಾಕ್ಷ್ಯ ಈ ವಿಧಿಯನ್ನು ಒಮ್ಮೆಯೂ ಉಲ್ಲಂಘಿಸಿಲ್ಲ. ಅದು ಯಾರ ವಿರುದ್ಧವೂ ಸಾಕ್ಷಿ ನುಡಿದದ್ದೇ ಇಲ್ಲವಲ್ಲ!

ಈ ಪ್ರಬಂಧದ ಮುಖ್ಯ ಸಿದ್ಧಾಂತ ಇಲ್ಲಿ ಹುಟ್ಟುತ್ತದೆ. ಹಲ್ಲಿ ತಪ್ಪಾಗಿ ಲೊಚಗುಟ್ಟಿತು ಎಂದು ಖಚಿತವಾಗಿ ತಿಳಿದಿರುವ ವ್ಯಕ್ತಿ ಜಗತ್ತಿನಲ್ಲಿ ಒಬ್ಬನೇ, ಆ ಗಳಿಗೆಯಲ್ಲಿ ಸುಳ್ಳು ಹೇಳುತ್ತಿದ್ದವನು. ಅವನ ಬಳಿ ಅಲ್ಲಗಳೆಯಲಾಗದ ವೈಜ್ಞಾನಿಕ ಪುರಾವೆಯಿದೆ. ಅದನ್ನು ಪ್ರಕಟಿಸಬೇಕಾದರೆ ‘ನಾನು ಆಗ ಸುಳ್ಳು ಹೇಳುತ್ತಿದ್ದೆ’ ಎಂಬ ಮೊದಲ ವಾಕ್ಯ ಬರೆಯಬೇಕು. ಬರೆಯುವುದಿಲ್ಲ. ನಿಜ ಹೇಳುತ್ತಿದ್ದವನಿಗಂತೂ ದೂರೇ ಇಲ್ಲ. ಹೀಗೆ ಹಲ್ಲಿಯ ಪರವಾದ ಪುರಾವೆಗಳೆಲ್ಲ ಬಹಿರಂಗ, ವಿರುದ್ಧವಾದವೆಲ್ಲ ಗೌಪ್ಯ. ನಂಬಿಕೆಯನ್ನು ಇಷ್ಟು ದಿನ ಕಾಪಾಡಿಕೊಂಡು ಬಂದವರು ಭಕ್ತರೆಂದು ಲೋಕ ತಿಳಿದಿದೆ. ದಾಖಲೆ ತೆಗೆದರೆ ಸುಳ್ಳರ ಸೇವೆ ಅದಕ್ಕಿಂತ ದೊಡ್ಡದು. ಈ ವಾದಕ್ಕೆ ಅಂಕಿಅಂಶ ಕೇಳುವವರಿದ್ದಾರೆ. ಅಂಕಿಅಂಶ ಕೊಡುವವನು ಸುಳ್ಳರನ್ನು ಸಂದರ್ಶಿಸಿರಬೇಕಾಗುತ್ತದೆ, ಆಮೇಲೆ ಆ ಉತ್ತರಗಳಿಗೂ ಹಲ್ಲಿ ಬೇಕಾಗುತ್ತದೆ.

ಹಲ್ಲಿಗೆ ಇದ್ಯಾವುದರ ಪರಿವೆಯೂ ಇಲ್ಲ. ಅದು ಲೊಚಗುಟ್ಟುವುದು ಟ್ಯೂಬ್‌ಲೈಟಿನ ಬಳಿಯ ಜಾಗ ತನ್ನದೆಂದು ಇನ್ನೊಂದು ಹಲ್ಲಿಗೆ ಸಾರಲು, ಇಲ್ಲವೇ ಸಂಗಾತಿಯನ್ನು ಕರೆಯಲು. ಅಂದರೆ ಸೈಟಿನ ತಗಾದೆ ಮತ್ತು ಮದುವೆಯ ಪ್ರಸ್ತಾಪ. ಮನುಷ್ಯರು ಅತಿ ಹೆಚ್ಚು ಸುಳ್ಳು ಹೇಳುವ ಎರಡು ವಿಷಯಗಳೂ ಅವೇ ಎಂಬುದನ್ನು ಓದುಗರು ಗಮನಿಸಬೇಕು.

ನುಡಿಯುವುದನ್ನು ಬಿಟ್ಟು ಬೀಳುವ ವಿಷಯಕ್ಕೆ ಬಂದರೆ ಹಲ್ಲಿ ಸಾಕ್ಷಿಯ ಕೆಲಸ ಬಿಟ್ಟು ಅದೃಷ್ಟದ ಇಲಾಖೆಗೆ ವರ್ಗವಾಗುತ್ತದೆ. ಪಂಚಾಂಗದ ಹಿಂದಿನ ಪುಟಗಳಲ್ಲಿ ಹಲ್ಲಿ ಬಿದ್ದರೆ ಫಲವೇನು ಎಂಬ ಕೋಷ್ಟಕವಿರುತ್ತದೆ. ಗಂಡಸರಿಗೆ ಬಲಭಾಗ, ಹೆಂಗಸರಿಗೆ ಎಡಭಾಗ ಸಾಮಾನ್ಯವಾಗಿ ಶುಭ. ಮೈಮೇಲೆ ಹಲ್ಲಿ ಬಿದ್ದವರು ಕಿರುಚಿ, ಕುಣಿದು, ಮೈ ಕೊಡವಿಕೊಂಡ ಮೇಲೆ ಅದು ಬಿದ್ದದ್ದು ಭುಜಕ್ಕೋ ಬೆನ್ನಿಗೋ ಎಂದು ನೆನಪಿಸಿಕೊಳ್ಳುವುದು ಕಷ್ಟ. ಆದ್ದರಿಂದ ಕೋಷ್ಟಕ ನೋಡಿಕೊಂಡು ಜಾಗವನ್ನು ನಿರ್ಧರಿಸುವ ಪದ್ಧತಿ ಬೆಳೆದಿದೆ. ಕಂಚಿಯ ವರದರಾಜ ಪೆರುಮಾಳ್ ದೇವಾಲಯದ ಚಾವಣಿಯಲ್ಲಿ ಚಿನ್ನ, ಬೆಳ್ಳಿಯ ಹೊದಿಕೆಯ ಹಲ್ಲಿಗಳಿವೆ. ಅವನ್ನು ಮುಟ್ಟಿದವರಿಗೆ ಹಲ್ಲಿದೋಷವಿಲ್ಲ. ಮುಟ್ಟಿದವರನ್ನು ಮುಟ್ಟಿದರೂ ಇಲ್ಲ. ನಮ್ಮ ಮನೆಗಳಲ್ಲಿ ಹಲ್ಲಿ ಬಿದ್ದ ತಕ್ಷಣ ‘ಅಜ್ಜಿ ಕಂಚಿಗೆ ಹೋಗಿ ಬಂದೋರು, ಹೋಗಿ ಮುಟ್ಟು’ ಎನ್ನುವುದುಂಟು. ಅಜ್ಜಿ ಹೋದದ್ದು ಯಾವ ಕಾಲದಲ್ಲೋ, ಆದರೂ ಬೂಸ್ಟರ್ ಡೋಸು ಬೇಕಿಲ್ಲ. ಮುಟ್ಟಿದವರನ್ನು ಮುಟ್ಟಿದವರನ್ನು ಮುಟ್ಟಿದರೆ ಹೇಗೆ ಎಂಬ ಪ್ರಶ್ನೆಯನ್ನು ಗಣಿತಜ್ಞರು ಕೈಗೆತ್ತಿಕೊಂಡರೆ, ನಗರ ಸಾರಿಗೆಯ ಬಸ್ಸಿನಲ್ಲಿ ನಿಂತು ಪ್ರಯಾಣಿಸಿದ ಯಾರಿಗೂ ಹಲ್ಲಿದೋಷ ಉಳಿದಿರಲಾರದು.

ಹಲ್ಲಿ ಬೀಳುವುದೇಕೆ? ಜೀವವಿಜ್ಞಾನಿ ಕೆಲ್ಲಾರ್ ಆಟಮ್ ಮತ್ತು ಸಂಗಡಿಗರು ಟೊಕೇ ಎಂಬ ದೊಡ್ಡ ಹಲ್ಲಿಯ ಪಾದ ಪರೀಕ್ಷಿಸಿ, ಅದರಲ್ಲಿರುವ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳು ವಾನ್ ಡರ್ ವಾಲ್ಸ್ ಬಲದಿಂದ ಗೋಡೆಗೆ ಅಂಟುತ್ತವೆ ಎಂದು 2002ರಲ್ಲಿ ತೋರಿಸಿದರು. ಇಷ್ಟೊಂದು ಹಿಡಿತವಿದ್ದೂ ಬೀಳುತ್ತದೆಂದರೆ ಕೆಟ್ಟ ಗಳಿಗೆ ನಮ್ಮದೋ ಅದರದೋ? ಮನುಷ್ಯನ ಮೇಲೆ ಬಿದ್ದ ಹಲ್ಲಿಗೆ ಏನು ಫಲ ಎಂಬ ಕೋಷ್ಟಕ ಯಾವ ಪಂಚಾಂಗದಲ್ಲೂ ಇಲ್ಲ. ಭುಜವಾಗಲಿ ಮಂಡಿಯಾಗಲಿ, ಫಲ ಒಂದೇ: ಪೊರಕೆ. ಊರಿಗೆಲ್ಲ ಶಕುನ ಹೇಳಿದ ಹಲ್ಲಿ ಬಾನಿಗೆ ಬಿದ್ದು ಸತ್ತಿತೆಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಹಲ್ಲಿ ತನ್ನ ಭವಿಷ್ಯ ತನಗೆ ತಿಳಿದಿದೆಯೆಂದು ಎಲ್ಲೂ ಹೇಳಿಕೊಂಡಿರಲಿಲ್ಲ.

ಇಷ್ಟು ದುರ್ಬಲ ಸಾಕ್ಷಿಯನ್ನು ನಾವೇಕೆ ಸಾಕಿಕೊಂಡಿದ್ದೇವೆ? ಉತ್ತರ ಆಣೆಗಳ ಬೆಲೆಯೇರಿಕೆಯಲ್ಲಿದೆ. ಬರೀ ಮಾತು ಸಾಲದಾದಾಗ ದೇವರಾಣೆ ಬಂತು, ಅದು ಸವಕಲಾದಾಗ ತಾಯಾಣೆ, ಅನ್ನದಾಣೆ, ಮಕ್ಕಳ ತಲೆ ಮುಟ್ಟಿ ಹೇಳುವುದು. ಎಲ್ಲಕ್ಕೂ ಮೇಲೆ ‘ಧರ್ಮಸ್ಥಳಕ್ಕೆ ಬಂದು ಹೇಳು’ ಎಂಬುದು. ಅದಕ್ಕೆ ಇನ್ನೂ ಬೆಲೆಯಿದೆ, ಘಾಟಿ ಇಳಿಯುವ ಮೊದಲೇ ಇತ್ಯರ್ಥವಾಗುವ ಜಗಳಗಳಿವೆ. 2011ರಲ್ಲಿ ಮುಖ್ಯಮಂತ್ರಿಯೊಬ್ಬರೂ ಮಾಜಿ ಮುಖ್ಯಮಂತ್ರಿಯೊಬ್ಬರೂ ಆಣೆಯ ಸವಾಲು ಹಾಕಿಕೊಂಡು ಅಲ್ಲಿಗೆ ಹೋಗಿ ಬಂದದ್ದನ್ನು ನಾಡು ಟಿವಿಯಲ್ಲಿ ನೋಡಿತು. ಆದರೆ ಚೀಟಿಯ ಎರಡು ಕಂತಿಗೆ, ದರ್ಜಿಯ ‘ಮಂಗಳವಾರ ರೆಡಿ ಇರುತ್ತೆ ಮೇಡಂ’ ಎಂಬ ಮಾತಿಗೆ ಧರ್ಮಸ್ಥಳದ ನೇತ್ರಾವತಿಯವರೆಗೆ ಹೋಗಲಾಗುವುದಿಲ್ಲ. ಬಸ್ ಚಾರ್ಜಿಲ್ಲದ, ಮನೆಬಾಗಿಲಿಗೆ ಸಿಗುವ, ಸುಳ್ಳೆಂದು ತೇಲಿದರೂ ಶಾಪ ಕೊಡದ ಅಗ್ಗದ ಆಣೆಯೊಂದು ಬೇಕಿತ್ತು.

ಸರ್ಕಾರ ಈ ವಿಷಯದಲ್ಲಿ ತಟಸ್ಥವಾಗಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ದೊಡ್ಡವರ ಮುನಿಸು ಕಟ್ಟಿಕೊಂಡರು. ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ 2020ರಲ್ಲಿ ಜಾರಿಗೆ ಬಂತು, ಅದರ ಪಟ್ಟಿಯಲ್ಲಿ ಹಲ್ಲಿಯ ಹೆಸರಿಲ್ಲ. ಇರಬೇಕೆಂದೂ ನನ್ನ ವಾದವಲ್ಲ. ಸುಳ್ಳು ಹೇಳುವುದೇ ಪಟ್ಟಿಯಲ್ಲಿಲ್ಲದಿರುವಾಗ ಅದನ್ನು ಅನುಮೋದಿಸಿದ ಹಲ್ಲಿಯನ್ನು ಹಿಡಿಯುವುದು ಅನ್ಯಾಯ. ಸದ್ಯಕ್ಕೆ ಅದರ ವೃತ್ತಿಗೆ ಕುತ್ತು ತಂದಿರುವುದು ವಿಚಾರವಾದಿಗಳಲ್ಲ, ಕಿಟಕಿಗೆ ಸೊಳ್ಳೆ ಪರದೆ ಹಾಕುವವರು ಮತ್ತು ಪೆಸ್ಟ್ ಕಂಟ್ರೋಲಿನವರು. ಹದಿನಾಲ್ಕನೇ ಮಹಡಿಯ ಫ್ಲ್ಯಾಟುಗಳಲ್ಲಿ ಜನ ಸಾಕ್ಷಿಯೇ ಇಲ್ಲದೆ ಮಾತಾಡುತ್ತಿದ್ದಾರೆ. ಅಲ್ಲಿ ಹಲ್ಲಿಯ ಜಾಗಕ್ಕೆ ವಾಟ್ಸಾಪಿನ ಸ್ಕ್ರೀನ್‌ಶಾಟ್ ಬಂದಿದೆ. ಅದಕ್ಕೆ ಬಾಲವಿಲ್ಲ, ಬಿಟ್ಟು ಓಡುವುದಿಲ್ಲ, ವಿರುದ್ಧವೂ ಸಾಕ್ಷಿ ನುಡಿಯುತ್ತದೆ. ಸಂಸಾರಗಳಿಗೆ ಇದು ಒಳ್ಳೆಯದಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ಅರಿಕೆ. ಇಲ್ಲಿ ಬರೆದದ್ದು ನಿಜವೋ ಅಲ್ಲವೋ ಎಂದು ಪರೀಕ್ಷಿಸಬಯಸುವವರು ದೀಪ ಹಚ್ಚಿದ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಕೂತು ಗಟ್ಟಿಯಾಗಿ ಓದಬೇಕು. ಲೊಚ್ ಎಂದ ಕೂಡಲೇ ಮೇಜು ತಟ್ಟಿಬಿಡಿ. ತಡಮಾಡಿದರೆ ಪಕ್ಕದಲ್ಲಿ ಟಿವಿ ನೋಡುತ್ತಿರುವವರು ತಟ್ಟುತ್ತಾರೆ, ಸಾಕ್ಷ್ಯ ಧಾರಾವಾಹಿಯ ಪಾಲಾಗುತ್ತದೆ.